ಒಡೆದ ಬಂಡೆಯ ಕಾವಲು

ಗ್ರಾನ್‌ಸೆಲೆ,
ಸೆಪ್ಟೆಂಬರ್ ೧೪

ಪ್ರೀತಿಯ ಅಣ್ಣ ಹೋಕನ್,

ಹೇಗಿದ್ದೀಯ? ಸಮುದ್ರದ ನಡುವೆ ಆ ಎಣ್ಣೆಬಾವಿಯ ಕಬ್ಬಿಣದ ಅಟ್ಟದ ಮೇಲೆ ಗಾಳಿ ಜೋರಾಗಿದೆಯಂತೆ, ಅತ್ತಿಗೆ ಹೇಳಿದಳು. ಬೆನ್ನುನೋವು ಕಡಿಮೆಯಾಯಿತೇ? ನಾನು ಹೆಣೆದು ಕೊಟ್ಟ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಗೆಳೆಯರು ನಗುತ್ತಾರೆಂದು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೀಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಗಳು ತೀರಾಳ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕೆಂದು ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದಾಳೆ.

ಇನ್ನು ಮೂಸ್ ಬೇಟೆಯ ವಿಷಯ. ನಮ್ಮ ತಂಡದ ಯಜಮಾನ ಸಿಕ್ಸ್ಟೆನ್ ಈಗಾಗಲೇ ಫೋನ್ ಮಾಡಿ ನನ್ನ ಮೇಲೆ ದೂರು ಹೇಳಿರುತ್ತಾನೆ. ಹೇಳಿದ್ದು ನಿಜ. ಈ ವರ್ಷ ರಜೆ ಸಿಗಲಿಲ್ಲವೆಂದು ನೀನು ಒಡೆದ ಬಂಡೆಯ ಬಳಿ ಮೂಸ್ ಕಾದು ನಿಲ್ಲುವ ನಿನ್ನ ಕಾವಲು ಜಾಗವನ್ನು ನನಗೆ ಒಪ್ಪಿಸಿದೆ, ಕೋವಿಯನ್ನೂ ಕೊಟ್ಟೆ. ನೆಲಮಾಳಿಗೆಯಲ್ಲಿ ಕೂತು ಇಡೀ ತಂಡಕ್ಕೆ ಕೈಯಾರೆ ತುಂಬಿಟ್ಟ ಸೀಸದ ತೋಟೆಗಳನ್ನೂ ಕೊಟ್ಟೆ. ನಾನು ಜಾಗ ತೆಗೆದುಕೊಂಡೆ, ಕೋವಿ ತೆಗೆದುಕೊಂಡೆ, ತೋಟೆ ಮಾತ್ರ ಮುಟ್ಟಲಿಲ್ಲ. ಪೇಟೆಗೆ ಹೋಗಿ ತಾಮ್ರದ ಗುಂಡಿನ ತೋಟೆಗಳನ್ನು ಕೊಂಡು ತಂದೆ. ಕೋಪ ಮಾಡಿಕೊಳ್ಳುವುದಾದರೆ ಮಾಡಿಕೊ, ಆದರೆ ಪೂರ್ತಿ ಓದಿ ಮಾಡಿಕೊ.

ನೀವೆಲ್ಲ ಹೊಡೆಯುತ್ತೀರಿ, ಬೆನ್ನು ತಟ್ಟಿಕೊಳ್ಳುತ್ತೀರಿ, ಮನೆಗೆ ಹೋಗುತ್ತೀರಿ. ಮಾಂಸ ಕೊಯ್ಯುವವಳು, ಕೈಮಾ ಮಾಡುವವಳು ನಾನು. ಕಳೆದ ವರ್ಷ ತೀರಾಳಿಗೆಂದು ಮಾಂಸದುಂಡೆ ಕಟ್ಟುವಾಗ ಬೆರಳಿಗೆ ಮರಳಿನಂಥದ್ದು ತಾಗಿತು. ತೊಳೆದು ನೋಡಿದರೆ ಬೂದು ಬಣ್ಣದ ಸೀಸದ ಚೂರು, ಮಕ್ಕಳ ಮೈಗೆ ವಿಷ. ಗಾಯದ ಸುತ್ತ ಅಷ್ಟು ಅಗಲಕ್ಕೆ ಕೊಯ್ದು ಬಿಸಾಡಿದ್ದೆ, ಆದರೂ ಇತ್ತು. ಆ ಗುಂಡು ತುಂಬಿದವನು ನೀನು, ತಿನ್ನಬೇಕಾಗಿದ್ದವಳು ನಿನ್ನ ಮಗಳು. ಅವತ್ತು ನಾನು ಹೇಳಿದಾಗ ನೀನು ನಕ್ಕುಬಿಟ್ಟೆ.

ಬೇಟೆಗೆ ಮುಂಚೆ ತಂಡದ ಗುಡಿಸಲಿನ ಸಭೆಯಲ್ಲಿ ಸಿಕ್ಸ್ಟೆನ್ ನಮ್ಮೂರ ವಾಡಿಕೆಯಂತೆ ಕಾಫಿಗೆ ಚೀಸಿನ ತುಂಡು ಹಾಕಿಕೊಳ್ಳುತ್ತ ನನ್ನ ತೋಟೆಯ ಪೊಟ್ಟಣ ನೋಡಿದ. "ಇದು ಗುಂಡಲ್ಲ ಬೊಡಿಲ್, ಹೊಲಿಗೆ ಸೂಜಿ. ಈ ಕಡೆ ಹೊಕ್ಕು ಆ ಕಡೆ ಬರತ್ತೆ, ಮೂಸ್‌ಗೆ ಗೊತ್ತೂ ಆಗಲ್ಲ" ಎಂದ. ಎಲ್ಲರೂ ನಕ್ಕರು. "ನಮ್ಮಪ್ಪಂಗೆ ಸೀಸ ಸಾಕಾಗಿತ್ತು, ನಿಮ್ಮಪ್ಪಂಗೂ ಸಾಕಾಗಿತ್ತು. ನಿನಗೇನು ಕೊಂಬಿದ್ಯಾ?" ಎಂದ. ನಾನು ಬಿಡುತ್ತೇನೆಯೇ? "ನಿಮ್ಮಪ್ಪ ಹಲ್ಲೂ ಉಜ್ತಿರ್ಲಿಲ್ಲ, ಅದನ್ನೂ ನಡೆಸ್ಕೊಂಡು ಹೋಗ್ತೀಯಾ?" ಎಂದೆ. ಅವನ ಮುಖ ಕೆಂಪಾಯಿತು. "ಸರಿ. ಮೂಸ್ ಗಾಯಗೊಂಡು ತಪ್ಪಿಸ್ಕೊಂಡ್ರೆ ಒಡೆದ ಬಂಡೆ ನಿಮ್ಮ ಮನೆ ಕೈಬಿಟ್ಟು ಹೋಯ್ತು. ನನ್ನ ಅಳಿಯ ನಿಲ್ತಾನೆ ಅಲ್ಲಿ" ಎಂದು ಎಲ್ಲರೆದುರು ಹೇಳಿದ. ನಮ್ಮ ಅಜ್ಜ ನಿಂತ ಜಾಗ! ಆದರೂ "ಆಗಲಿ" ಎಂದೆ.

ಸುಮ್ಮನೆ ಹಟಕ್ಕೆ ಬಿದ್ದವಳಲ್ಲ ನಾನು. ಬೇಸಿಗೆಯೆಲ್ಲ ಗುರಿ ಕಟ್ಟುವ ಮೈದಾನಕ್ಕೆ ಹೋಗಿದ್ದೆ. ಮೊದಮೊದಲು ಗುಂಡುಗಳು ಹಲಗೆಯ ಮೇಲೆ ಚೆಲ್ಲಾಪಿಲ್ಲಿಯಾದವು. ನಿನ್ನ ಕೋವಿಯ ನಳಿಗೆಯಲ್ಲಿ ವರ್ಷಗಳ ಕೊಳೆ ಕೂತಿತ್ತು, ಮಹಾರಾಯ! ಅದನ್ನು ಉಜ್ಜಿ ತೆಗೆದೆ. ನಿನ್ನ ಸೀಸದ ಗುಂಡಿಗಿಂತ ಹಗುರದ್ದನ್ನು, ಹೆಚ್ಚು ವೇಗವಾಗಿ ಹಾರುವುದನ್ನು ಆರಿಸಿಕೊಂಡೆ. ತಾಮ್ರ ಚೂರಾಗುವುದಿಲ್ಲ, ಆದರೆ ಜೋರಾಗಿ ಬಡಿದರೆ ಮಾತ್ರ ಹೂವಿನಂತೆ ಅರಳುತ್ತದೆ. ಆಮೇಲೆ ಎಲ್ಲ ಗುಂಡೂ ಒಂದೇ ಅಂಗೈಯಗಲದೊಳಗೆ ಬೀಳತೊಡಗಿದವು.

ಬೇಟೆಯ ಬೆಳಿಗ್ಗೆ ಮಂಜಿತ್ತು. ತಂಡದ ನಾಯಿ ದೂರದಲ್ಲಿ ಬೊಗಳಿತು, ಕುದುರೆಯಷ್ಟು ಎತ್ತರದ ಗಂಡು ಮೂಸ್ ಅಗಲ ಕೊಂಬು ಹೊತ್ತು ಜೌಗು ದಾಟಿ ನೇರ ನನ್ನೆದುರು ಬಂತು. ಭುಜದ ಹಿಂದೆ ಗುರಿಯಿಟ್ಟು ಹೊಡೆದೆ. ಅದು ತಲೆಯೆತ್ತಿ ನೋಡಿ, ಏನೂ ಆಗದ ಹಾಗೆ ನಡೆದು ಸ್ಪ್ರೂಸ್ ಮರಗಳ ಹಿಂದೆ ಮರೆಯಾಯಿತು. ರೇಡಿಯೋದಲ್ಲಿ ಸಿಕ್ಸ್ಟೆನ್ "ತಪ್ಪೋಯ್ತು, ಮುಂದಿನ ಕಾವಲಿಗೆ ಹೋಗ್ರಪ್ಪಾ" ಎಂದು ಆಗಲೇ ಕೂಗುತ್ತಿದ್ದ. "ಯಾರೂ ಅಲುಗಾಡ್ಬೇಡಿ, ನಾಯಿ ಇಲ್ಲಿಗೆ ತನ್ನಿ" ಎಂದು ನಾನೂ ಕೂಗಿದೆ. ಯಜಮಾನನ ಮಾತಿಗೆ ಎದುರಾಡಿದವರು ಈ ತಂಡದಲ್ಲಿ ಇದುವರೆಗೆ ಯಾರಿದ್ದಾರೆ ಹೇಳು? ನಾಯಿ ಬಂತು. ಹಣ್ಣಿನ ಪೊದೆಗಳ ಮೇಲೆ ನೊರೆನೊರೆ ತಿಳಿಗೆಂಪು ರಕ್ತ, ಗುಂಡು ಶ್ವಾಸಕೋಶಕ್ಕೇ ತಾಗಿದ ಗುರುತು. ಕೂಗಳತೆಯೊಳಗೇ ಮೂಸ್ ಸತ್ತು ಬಿದ್ದಿತ್ತು. ಅಣ್ಣಾ, ನಾನು ಅಲ್ಲೇ ಕೂತು ಅತ್ತೆ.

ಅದಕ್ಕೂ ಅವರು ಸೋಲಲಿಲ್ಲ. ಪ್ರಾಣಿಯ ಚರ್ಮದಡಿ ಸಿಕ್ಕ ಚಪ್ಪಟೆ ಗುಂಡನ್ನು ಗುಡಿಸಲಿನ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಇಡುವ ಪದ್ಧತಿ ಇದೆಯಲ್ಲ? ನನ್ನದು ಆಚೆ ದಾಟಿ ಪಾಚಿಯಲ್ಲಿ ಎಲ್ಲೋ ಹೂತುಹೋಗಿತ್ತು. "ಇಡೋಕೆ ಏನೂ ಇಲ್ವಲ್ಲ ಬೊಡಿಲ್" ಎಂದು ಅಳಿಯ ಹಲ್ಲು ಕಿರಿದ. ಮರುದಿನ ಕೊಯ್ಯುವಾಗ ಸಿಕ್ಸ್ಟೆನ್ ಹೊಡೆದ ಮೂಸ್ ಕರುವಿನ ಮುಂದೊಡೆಯಿಂದ ಬೂದು ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕಾಫಿ ಸಾಸರಿನಲ್ಲಿ ಹಾಕಿದೆ. ಎಲ್ಲರೂ ಕಾಫಿಗೆ ಕೂತಾಗ ಅದನ್ನು ಅವನ ಮುಂದೆ ಸರಿಸಿ, "ಸಕ್ಕರೆ ಬದಲು ಹಾಕ್ಕೊ" ಎಂದೆ. ಯಾರೂ ನಗಲಿಲ್ಲ. ಅವನು ಒಂದು ಚೂರನ್ನು ಬೆರಳ ತುದಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದ. ಅವನಿಗೂ ಮೊಮ್ಮಕ್ಕಳಿದ್ದಾರೆ.

ನಿನ್ನ ಪಾಲಿನ ಮಾಂಸ ಅತ್ತಿಗೆಗೆ ತಲುಪಿಸಿದ್ದೇನೆ, ಎಲ್ಲ ನನ್ನ ಮೂಸಿನದ್ದೇ. ತೀರಾ ಹೊಟ್ಟೆ ತುಂಬ ತಿಂದಳು. ಮೈ ನೋಡಿಕೊ, ಪಟ್ಟಿ ಕಟ್ಟಿಕೊ.

ನಿನ್ನ ತಂಗಿ,
ಬೊಡಿಲ್

ತಾ.ಕ. ಅಂಚೆಯವನು ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪನ ಜೊತೆ ಚಳಿಯಲ್ಲಿ ಆ ಬಂಡೆಗೆ ನಡೆದುಹೋಗುತ್ತಿದ್ದವಳು ನಾನು, ನೀನು ಮುಸುಕು ಹೊದ್ದು ಮಲಗಿರುತ್ತಿದ್ದೆ. ಆದರೂ ಕಾವಲು ನಿನಗೆ ಬಂತು, ನನಗೆ ಬಂದದ್ದು ಚಾಕು. ಬರುವವರೆಗೆ ಜಾಗ ನೋಡಿಕೊ ಎಂದಿದ್ದೆಯಲ್ಲ? ನೋಡಿಕೊಂಡೆ, ಉಳಿಸಿಕೊಂಡೆ. ವಾಪಸು ಕೊಡುವುದಿಲ್ಲ. ಸಿಕ್ಸ್ಟೆನ್‌ಗೂ ಹೇಳಿಯಾಗಿದೆ, ಅವನು ಹೂಂ ಎಂದಿದ್ದಾನೆ. ಮುಂದಿನ ವರ್ಷ ನೀನು ಜೌಗಿನ ಕಡೆ ನಿಲ್ಲು. ಒಂದು ಪೊಟ್ಟಣ ತಾಮ್ರದ್ದು ನಿನಗೆಂದು ತೆಗೆದಿಟ್ಟಿದ್ದೇನೆ.