ಬದನೆಕಾಯಿಗೆ ಕೆಳಗಿನಿಂದ ಬಿದ್ದ ಬೆಳಕು

ಚಿತ್ರಕಲಾ ಶಿಕ್ಷಕರ ಪರೀಕ್ಷೆಯ ಮುಖ್ಯ ಪರೀಕ್ಷಕರಾದ ಮಾನ್ಯರೇ,

ಒಂದು ಹಿತ್ತಾಳೆ ಚೊಂಬು, ಎರಡು ಬದನೆಕಾಯಿ, ಮಡಿಸಿಟ್ಟ ಒಂದು ಟವೆಲ್ಲು. ಇಷ್ಟೇ ಪಾತ್ರಧಾರಿಗಳನ್ನು ಮೇಜಿನ ಮೇಲೆ ಕೂರಿಸಿ ತಾವು ನನ್ನನ್ನು ನಪಾಸು ಮಾಡಿದಿರಿ. ಅದೂ ಎಂಥ ನಪಾಸು! ಬೋಧನೆಯ ಪರೀಕ್ಷೆಯಲ್ಲಿ ಗೆದ್ದು ಚಿತ್ರದ ಪರೀಕ್ಷೆಯೊಂದರಲ್ಲಿ ಮುಗ್ಗರಿಸಿದವನು ಪುನಃ ಮೈಸೂರಿಗೆ ಬಂದು ವರ್ಷಪೂರ್ತಿ ಕೂತು ಎರಡನ್ನೂ ಮೊದಲಿನಿಂದ ಕಲಿಯತಕ್ಕದ್ದೆಂದು ತಮ್ಮ ನಿಯಮ ಹೇಳುತ್ತದೆ. ನಾನು ಅತ್ತ ಬಸ್ಸು ಹತ್ತಿದೆನೋ, ಇತ್ತ ನಮ್ಮ ಶಾಲೆಯ ಡ್ರಾಯಿಂಗ್ ಪೀರಿಯಡ್ಡುಗಳೆಲ್ಲ ಡ್ರಿಲ್ಲಿಗೆ ಸೇರಿಹೋಗುತ್ತವೆ, ಹಂಗಾಮಿ ಡ್ರಾಯಿಂಗ್ ಮೇಷ್ಟ್ರಾದ ನನ್ನ ಕುರ್ಚಿಯೂ ಅವುಗಳ ಹಿಂದೆಯೇ ನಡೆಯುತ್ತದೆ. ಈ ಮಾತನ್ನು ಅರ್ಜಿಯಾಗಿ ಬರೆದು ತಮ್ಮ ಕಚೇರಿಗೆ ಕಳಿಸಿದ್ದೆ. ಅದು ಅಲ್ಲಿ ಸುಖವಾಗಿ ಗೊರಕೆ ಹೊಡೆಯುತ್ತಿದೆಯೆಂದು ತಿಳಿದುಬಂದದ್ದರಿಂದ, ಈಗ ಪತ್ರಿಕೆಯ ಮೂಲಕ, ಕೊನೆಯ ಬೆಂಚಿಗೂ ಕೇಳಿಸುವಂತೆ ಕೂಗುತ್ತಿದ್ದೇನೆ. ದಯವಿಟ್ಟು ಕಿವಿಯ ಮೇಲಿನ ಪರದೆ ಮೇಲೆತ್ತಬೇಕು.

ನಾನು ಯಾರೆಂಬುದು ತಮಗೆ ನೆನಪಿರಲಾರದು. ಚೊಂಬು ನೆನಪಿರಬಹುದು. ನನ್ನ ಸೋದರಮಾವ ಚಾಮಯ್ಯನವರು ನಾಟಕದ ಕಂಪನಿಯೊಂದಕ್ಕೆ ಪರದೆ ಬರೆಯುತ್ತಿದ್ದವರು. ಕಂಪನಿ ಹುಣಸೂರಿನಲ್ಲಿ ಠಿಕಾಣಿ ಹೂಡಿದರೆ ನಾವು ಹುಣಸೂರಿನವರು, ಕೃಷ್ಣರಾಜನಗರಕ್ಕೆ ಹೋದರೆ ಅಲ್ಲಿನವರು. ಅಕ್ಷರ ತಿದ್ದುವ ಮೊದಲೇ ನಾನು ಅಂಟಿನ ನೀರಿಗೆ ಪುಡಿಬಣ್ಣ ಕಲಸುವುದನ್ನು ಕಲಿತೆ. ಹೆಗ್ಗಡದೇವನಕೋಟೆಯಲ್ಲಿ ಆಟವಾದಾಗ, ಕಾಕನಕೋಟೆಯ ಕಾಡಿನ ಅಂಚಿನಲ್ಲೇ ಬದುಕುವ ಜನ ಮಾವನ ಕಾಡಿನ ಪರದೆ ಇಳಿದದ್ದೇ ತಡ, "ನಮ್ ಕಾಡ್‌ಗಿಂತ್ಲೂ ಇದೇ ಚೆಂದಾಗದೆ ಕಣ್ಲಾ, ಸೊಳ್ಳೆನೂ ಕಚ್ಚಾಕಿಲ್ಲ!" ಎಂದು ಶಿಳ್ಳೆ ಹೊಡೆದದ್ದು ಇನ್ನೂ ನನ್ನ ಕಿವಿಯಲ್ಲಿದೆ. ತಮ್ಮ ಕೈಯಿಂದ ಅಂಥ ಸರ್ಟಿಫಿಕೇಟು ಯಾರಿಗಾದರೂ ಸಿಕ್ಕಿದೆಯೇ?

ಮಾವ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: "ಬಣ್ಣ ಮುಟ್ಟೋಕ್ ಮುಂಚೆ ಬೆಳ್ಕನ್ನ ಕೇಳ್ಕಬೇಕು ಕಣ್ಲಾ, ಎಲ್ ಕುಂತಿದ್ದೀಯಪ್ಪಾ ಅಂತ." ನಾಟಕದಲ್ಲಿ ಬೆಳಕು ಕೂರುವುದು ನಟನ ಕಾಲ ಬಳಿ. ರಂಗದ ಅಂಚಿಗೆ ಸಾಲಾಗಿ ಗ್ಯಾಸ್ ಲೈಟುಗಳನ್ನಿಟ್ಟು, ಪ್ರೇಕ್ಷಕರ ಕಣ್ಣಿಗೆ ಹೊಡೆಯದಂತೆ ತಗಡು ಮರೆಮಾಡಿದರೆ, ಮುಖದ ಗದ್ದ ಬೆಳಗುತ್ತದೆ, ಹಣೆಯ ಮೇಲೆ ಮೂಗಿನ ನೆರಳು ಏರುತ್ತದೆ. ರಾಜನೂ ಹಾಗೆಯೇ, ರಾಕ್ಷಸನೂ ಹಾಗೆಯೇ. ಅರಮನೆಯ ಪರದೆಯಲ್ಲಿ ಕಂಬ ಬರೆಯುವಾಗಲೂ ಬುಡಕ್ಕೆ ಹಳದಿ, ತುದಿಗೆ ಕಪ್ಪು. ಹೀಗೆ ಬೆಳೆದವನು ನಾನು. ನನ್ನ ಲೋಕದಲ್ಲಿ ಸೂರ್ಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಮುಂದೆ ಮೈಸೂರಿನಲ್ಲಿ ಕ್ರಮವಾಗಿ ಚಿತ್ರಕಲೆ ಕಲಿತೆ. ಸುಣ್ಣದ ಅಚ್ಚಿನ ಮೂಗೊಂದನ್ನು ಮುಂದಿಟ್ಟು ಬರೆಸಿದರು, ಬರೆದೆ. ಮೂಗು ಮುಗಿದ ಮೇಲೆ ಕಿವಿ ಕೊಟ್ಟರು. ಆ ಮೂಗು ಕಿವಿಗಳ ಒಡೆಯ ಯಾರೆಂದು ಕೊನೆಗೂ ಯಾರೂ ತಿಳಿಸಲಿಲ್ಲ. ಆಮೇಲೆ ಶಿಕ್ಷಣ ಶಾಸ್ತ್ರ: ಪೀಠಿಕೆ, ನಿರೂಪಣೆ, ಪುನರಾವಲೋಕನ. ಇದೇನು ಹೊಸದೇ? ನಾಂದಿ, ಕಥೆ, ಮಂಗಳ! ಅಭ್ಯಾಸ ಪಾಠದ ದಿನ ನಾನು "ಮಕ್ಕಳೇ!" ಎಂದದ್ದಕ್ಕೆ ಪಕ್ಕದ ಕೋಣೆಯ ಮಕ್ಕಳೂ "ಏನ್ ಸಾ?" ಎಂದು ಓಗೊಟ್ಟವು. ಪಾಠ ನೋಡಲು ಬಂದಿದ್ದ ಹಿರಿಯರು, "ದನಿ ತಗ್ಗಿಸಿದರೆ ಒಳ್ಳೆಯ ಮೇಷ್ಟ್ರಾಗುತ್ತೀಯೆ" ಎಂದು ನಗುತ್ತಲೇ ಪಾಸು ಮಾಡಿದರು. ಅದರ ಮರುದಿನ ತಮ್ಮ ಪ್ರವೇಶ.

ಆ ದೃಶ್ಯವನ್ನು ತಮ್ಮ ಪರವಾಗಿ ನಾನೇ ಅಭಿನಯಿಸಿ ತೋರಿಸುತ್ತೇನೆ. ಎತ್ತರದ ಸೂರಿನ ಪರೀಕ್ಷಾ ಹಾಲು. ಎಡಗಡೆಗೆ ಆಳೆತ್ತರದ ಕಿಟಕಿ. ನಾನು ತನ್ಮಯನಾಗಿ ಬಣ್ಣ ಬಳಿಯುತ್ತಿದ್ದೇನೆ. ತಾವು ಕೈ ಹಿಂದೆ ಕಟ್ಟಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತಿರಿ.

"ಏನಯ್ಯಾ ಇದು?"

"ಬದನೆಕಾಯಿ, ಸ್ವಾಮಿ."

"ಬದನೆಕಾಯೋ, ಯಾರನ್ನಾದರೂ ಕೊಲ್ಲಲು ಹೊರಟಿರುವ ಖಳನಾಯಕನೋ?"

ನೋಡಿದೆ. ನಿಜ ಹೇಳಬೇಕೆಂದರೆ ತಮ್ಮ ಅನುಮಾನ ಅನ್ಯಾಯದ್ದಾಗಿರಲಿಲ್ಲ. ಬದನೆಕಾಯಿಯ ಹೊಟ್ಟೆ ಕೆಳಗಿನಿಂದ ಧಗಧಗ ಹೊಳೆಯುತ್ತಿತ್ತು. ತೊಟ್ಟು ಕಿರೀಟದಂತೆ ಕತ್ತಲಲ್ಲಿ ಮುಳುಗಿತ್ತು. ಚೊಂಬಿನ ನೆರಳು ಮೇಜಿನ ಮೇಲೆ ಮಲಗುವ ಬದಲು ಹಿಂದಿನ ಗೋಡೆಯನ್ನು ಸರಸರ ಹತ್ತಿ ಸೂರು ಮುಟ್ಟಿತ್ತು.

"ಕಿಟಕಿ ಎಲ್ಲಿದೆ?" ಎಂದಿರಿ.

"ಎಡಗಡೆ, ಸ್ವಾಮಿ."

"ಚಿತ್ರದಲ್ಲಿ ಬೆಳಕು ಎಡಗಡೆಯಿಂದ ಬರಬೇಕು. ಅದು ನಿಯಮ."

"ಯಾವಾಗಲೂನಾ, ಸ್ವಾಮಿ?"

"ಯಾವಾಗಲೂ."

ತಾವು ನಿರ್ಗಮಿಸಿದಿರಿ. ಕೆಂಪು ಶಾಯಿ ಪ್ರವೇಶಿಸಿತು.

ಮಾನ್ಯರೇ, ಇಲ್ಲಿ ವಾದ ಮಾಡುವುದಿಲ್ಲ. ತಪ್ಪು ನನ್ನದೇ. ಕಣ್ಣೆದುರಿಗೆ ಅಷ್ಟು ದೊಡ್ಡ ಕಿಟಕಿಯಿದ್ದೂ ಬೆಳಕನ್ನು ನಾನು ಕೇಳಲಿಲ್ಲ. ತಲೆಯೊಳಗಿನ ಗ್ಯಾಸ್ ಲೈಟನ್ನು ನಂಬಿ ಬರೆದೆ. ಮಾವ ಬದುಕಿದ್ದರೆ ಅವರೂ ನಪಾಸು ಮಾಡುತ್ತಿದ್ದರು, ಮೇಲೆ ತಲೆಗೊಂದು ಮೊಟಕುತ್ತಿದ್ದರು. ನನ್ನ ತಕರಾರು ಆ ಕೆಂಪು ಶಾಯಿಯ ಮೇಲಲ್ಲ. ತಾವು ಆಡಿದ "ಯಾವಾಗಲೂ" ಎಂಬ ಒಂದೇ ಮಾತಿನ ಮೇಲೆ. ಅದನ್ನು ನಾನು ವೇದವಾಕ್ಯವೆಂದು ಊರಿಗೆ ಹೊತ್ತು ತಂದದ್ದರಿಂದ ಆದ ಅನಾಹುತವನ್ನು ಕೇಳುವಂಥವರಾಗಿ.

ಪರೀಕ್ಷೆ ಮುಗಿಸಿ ಬೆಟ್ಟದಪುರದ ಶಾಲೆಗೆ ಹಂಗಾಮಿಯಾಗಿ ಸೇರಿದ್ದೆ. ಫಲಿತಾಂಶ ಬಂದ ದಿನ ಅವ್ವ ವೀರಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ವಿಷಯ ಹೇಳಿದೆ.

"ಬೆಳ್ಕು ಯಾವ್ ಕಡೆಯಿಂದ್ಲಾರ ಬರ್ಲಿ ಬುಡು, ರೊಟ್ಟಿ ಸೀದೋಗ್ದಿದ್ರೆ ಸಾಕು" ಎಂದಳು. ಆಮೇಲೆ ಕೈ ನಿಲ್ಲಿಸಿ, "ಅಂಗಾದ್ರೆ ಮೇಷ್ಟ್ರು ಕೆಲ್ಸ ಓಯ್ತದಾ?" ಎಂದು ಕೇಳಿದಳು.

ಕೆಲಸ ಉಳಿಸಿಕೊಳ್ಳಬೇಕಾದರೆ ತಮ್ಮ ನಿಯಮದಂತೆಯೇ ನಡೆಯಬೇಕೆಂದು ನಿಶ್ಚಯಿಸಿದೆ. ಮರುದಿನ ಒಂಬತ್ತನೆಯ ತರಗತಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಚಿತ್ರದಲ್ಲಿ ಬೆಳಕು ಯಾವಾಗಲೂ ಎಡಗಡೆಯಿಂದ ಬರುತ್ತದೆ. ಎಲ್ಲರಿಂದಲೂ ಓದಿಸಿದೆ. ಬೆಟ್ಟದ ಮೇಲಿನ ದೇವರಿಗೂ ಕೇಳಿಸಿರಬೇಕು. "ಮನೆಗೆ ಹೋಗಿ, ನಿಮ್ಮ ಅವ್ವ ಒಲೆಯ ಮುಂದೆ ಕೂತಿರುವುದನ್ನು ಇದ್ದಲಿನಲ್ಲಿ ಬರೆದು ತನ್ನಿ" ಎಂದೆ.

ತಂದರು. ಪ್ರತಿಯೊಂದು ಚಿತ್ರದಲ್ಲೂ ಅವ್ವನ ಎಡಗೆನ್ನೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪಿಗೆ ಲೆಕ್ಕ ಕೊಡಬೇಕಲ್ಲ? ಅದಕ್ಕಾಗಿ ಮಕ್ಕಳು ಎಡಗೋಡೆಗೆ ಒಂದೊಂದು ಕಿಟಕಿ ಇಟ್ಟಿದ್ದರು! ಕಂಬಿಯಿರುವ ಕಿಟಕಿ, ಕಮಾನಿನ ಕಿಟಕಿ, ಗಾಜಿನ ಕಿಟಕಿ. ಒಬ್ಬ ಪುಣ್ಯಾತ್ಮ ಲೇಸಿನ ಪರದೆಯನ್ನೂ ಇಳಿಬಿಟ್ಟಿದ್ದ. ಬೆಟ್ಟದಪುರದ ಸುತ್ತಿನ ಅಡುಗೆಮನೆಗಳನ್ನು ತಾವು ಕಂಡಿಲ್ಲವಾದ್ದರಿಂದ ತಿಳಿಸುತ್ತೇನೆ: ಅಲ್ಲಿ ಕಿಟಕಿ ಇರುವುದಿಲ್ಲ. ಹೊಗೆಗೇ ದಾರಿ ಸಿಗದೆ ಅದು ಹೆಂಚಿನ ಸಂದಿಯಲ್ಲಿ ತೂರಿಕೊಂಡು ಹೋಗುತ್ತದೆ.

ಡ್ರಿಲ್ ಮೇಷ್ಟ್ರು ಮರಿಯಯ್ಯನವರು ಅಷ್ಟರಲ್ಲಿ ಒಳಗೆ ಬಂದರು. ನನ್ನ ಪೀರಿಯಡ್ಡುಗಳು ಸೇರಬೇಕಾದದ್ದು ಇವರಿಗೇ. ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿ, "ಏನ್ ಮೇಷ್ಟ್ರೇ, ಒಂದೇ ದಿನ್ದಲ್ಲಿ ಊರಿನ್ ಅಡ್ಗೆಮನೆಗೆಲ್ಲ ಕಿಟ್ಕಿ ಇಡ್ಸ್‌ಬುಟ್ರಲ್ಲಾ! ಪಂಚಾಯ್ತಿನೋರ ಕೈಲೂ ಆಗಿರ್ನಿಲ್ಲ!" ಎಂದರು.

"ತಮಾಷೆ ಬಿಡಿ ಮರಿಯಯ್ಯನೋರೇ, ನಾಳೆ ಈ ಕ್ಲಾಸು ನಿಮ್ಮದೇ."

"ಅಯ್ಯೋ, ನಂಗೇನ್ ಬತ್ತದೆ? ವರ್ಸೆಲ್ಲ ಮಾವಿನ್‌ಕಾಯಿ ಬರುಸ್ತೀನಿ. ಬೆಳ್ಕು ಎಡ್ಗಡೆಯಿಂದ ಬರ್ಬೇಕು ಅಂದ್ರೆ, 'ಲೆಫ್ಟ್! ಲೆಫ್ಟ್!' ಅಂತ ಕೂಗ್ತೀನಿ. ಅಷ್ಟೆಯಾ."

ಇಡೀ ತರಗತಿಯಲ್ಲಿ ಕಿಟಕಿ ಇಡದವಳು ಪುಟ್ಟಸಿದ್ದಮ್ಮನೆಂಬ ಹುಡುಗಿಯೊಬ್ಬಳೇ. ಅವಳ ಹಾಳೆಯಲ್ಲಿ ಅವ್ವನ ಗದ್ದ ಬೆಳಗಿತ್ತು, ಹಣೆ ಕಪ್ಪಾಗಿತ್ತು, ನೆರಳು ಗೋಡೆ ಹತ್ತಿತ್ತು. ತಮ್ಮ ಕೆಂಪು ಶಾಯಿ ನೆನಪಾಯಿತು. "ನಿಯಮ ಓದಲಿಲ್ಲವೇನಮ್ಮಾ?" ಎಂದು ಗದರಿದೆ.

"ಓದ್ದೆ ಸಾ. ಆದ್ರೆ ನಮ್ಮವ್ವನ ಎಡ್ಗಡೆ ಗೋಡೆ ಅದೆ. ಅತ್ಲಗೆ ಎಮ್ಮೆ ಕಟ್ಟೀವಿ. ಎಮ್ಮೆ ತೂರ್ಕೊಂಡು ಬೆಳ್ಕು ಎಂಗ್ ಬತ್ತದೆ ಸಾ?"

ತರಗತಿ ಘೊಳ್ಳೆಂದಿತು. ನಾನೂ ನಕ್ಕೆ. ನಗುತ್ತಲೇ ತಣ್ಣಗಾದೆ. ಪರೀಕ್ಷಾ ಹಾಲಿನಲ್ಲಿ ಕಿಟಕಿಯಿದ್ದರೂ ನೋಡದೆ ನಾನು ತಲೆಯೊಳಗಿನ ದೀಪ ಬರೆದು ಬಂದೆ. ಮನೆಯಲ್ಲಿ ಒಲೆ ಉರಿಯುತ್ತಿದ್ದರೂ ನೋಡದೆ ನನ್ನ ಮಕ್ಕಳು ಬೋರ್ಡಿನ ಮೇಲಿನ ಮಾತು ನಂಬಿ ಕಿಟಕಿ ಬರೆದು ತಂದರು. ತಪ್ಪು ಒಂದೇ. ನನ್ನ ತಪ್ಪಿಗೆ ನಾನು ನಪಾಸಾದೆ, ನ್ಯಾಯ. ಅವರ ತಪ್ಪಿಗೆ ನಪಾಸಾಗಬೇಕಾದವರು ಯಾರು? ಬೋರ್ಡಿನ ಮೇಲೆ ಬರೆದ ನಾನೋ, ಬರೆಯುವಂತೆ ಅಪ್ಪಣೆ ಕೊಟ್ಟ "ಯಾವಾಗಲೂ" ಎಂಬ ಮಾತೋ? ಮೊನ್ನೆ ಮೊನ್ನೆ ಇಡೀ ರಾಜ್ಯದ ಗಡಿಯೇ ಬದಲಾಯಿತು. ತಮ್ಮ ಬೆಳಕು ಮಾತ್ರ ಎಡಗಡೆ ಬಿಟ್ಟು ಅಲ್ಲಾಡುವುದಿಲ್ಲವೇ? ದೀಪದ ಬುಡದಲ್ಲಿ ಕತ್ತಲೆಯೆಂದು ಕೇಳಿದ್ದೆ. ಪರೀಕ್ಷಾ ಮಂಡಳಿಯ ಬುಡದಲ್ಲೂ ಇರಬಹುದೆಂದು ಯಾರೂ ಹೇಳಿರಲಿಲ್ಲ.

ಆ ದಿನ ಬೋರ್ಡು ಒರೆಸಿದೆ. "ಮಕ್ಕಳೇ, ಮನೆಗೆ ಹೋಗಿ ಬೆಳಕನ್ನು ಕೇಳಿ, ಎಲ್ಲಿ ಕೂತಿದ್ದೀಯಪ್ಪಾ ಅಂತ" ಎಂದೆ. ಮುಂದಿನ ತರಗತಿಗೆ ಬಂದ ಚಿತ್ರಗಳಲ್ಲಿ ಒಂದು ಒಲೆಯದು, ಒಂದು ಕುಲುಮೆಯದು, ಒಂದು ಹೆಂಚು ಜಾರಿದ ಸಂದಿಯಿಂದ ಬಿದ್ದ ಬಿಸಿಲಕೋಲಿನದು. ಒಂದರಂತೆ ಇನ್ನೊಂದಿರಲಿಲ್ಲ. ಕಿಟಕಿಯಿದ್ದ ಚಿತ್ರವೂ ಒಂದಿತ್ತು, ಶಾನುಭೋಗರ ಮಗನದು. ಅವರ ಮನೆಯಲ್ಲಿ ನಿಜಕ್ಕೂ ಕಿಟಕಿಯಿದೆ, ಎಡಗಡೆಯೇ ಇದೆ. ಅವನಿಗೆ ಪೂರ್ತಿ ಅಂಕ ಕೊಟ್ಟೆನೆಂದು ತಮ್ಮ ಸಮಾಧಾನಕ್ಕಾಗಿ ತಿಳಿಸುತ್ತೇನೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇದು. ಕೃಪಾಂಕ ಬೇಡ. ಗೆದ್ದ ಪರೀಕ್ಷೆಯನ್ನು ಗೆದ್ದದ್ದೆಂದೇ ಬಿಟ್ಟು, ಬಿದ್ದ ಒಂದೇ ಪರೀಕ್ಷೆಯನ್ನು ಬೇಸಿಗೆ ರಜೆಯೊಳಗೆ ಮತ್ತೆ ಕೊಡಿ. ಶಾಲೆ ತೆರೆಯುವ ಹೊತ್ತಿಗೆ ಆ ಮಕ್ಕಳ ಮುಂದೆ ನಾನಿರಬೇಕು, ಮಾವಿನಕಾಯಿಯಲ್ಲ. ತಮ್ಮ ಪರೀಕ್ಷಾ ಹಾಲಿಗೇ ಬರುತ್ತೇನೆ. ಈ ಸಲ ಬಣ್ಣ ಮುಟ್ಟುವ ಮೊದಲು ಕಿಟಕಿಗೆ ಕೈಮುಗಿದು ಕೂರುತ್ತೇನೆ. ಆಮೇಲೆ ಒಂದು ದಿನ ತಾವು ನಮ್ಮೂರಿಗೆ ಬರಬೇಕು. ಅವ್ವ ರೊಟ್ಟಿ ತಟ್ಟುತ್ತಾಳೆ. ತಾವು ಒಲೆಯ ಮುಂದೆ ಕೂತು ಚಿತ್ರ ಬರೆಯಬೇಕು, ನಾನು ಕೈ ಹಿಂದೆ ಕಟ್ಟಿಕೊಂಡು ತಮ್ಮ ಬೆನ್ನ ಹಿಂದೆ ನಿಲ್ಲುತ್ತೇನೆ. ಚೊಂಬು, ಬದನೆಕಾಯಿ, ಟವೆಲ್ಲು ತಾವೇ ತನ್ನಿ.

ಕಿಟಕಿ ಮಾತ್ರ ತರಬೇಡಿ.

ಇಂತಿ,
ದನಿ ತಗ್ಗಿಸಲು ಇನ್ನೂ ಕಲಿಯುತ್ತಿರುವ,
ಸದ್ಯಕ್ಕೆ ಮಾತ್ರ ಡ್ರಾಯಿಂಗ್ ಮೇಷ್ಟ್ರಾದ,
ಪುಟ್ಟಮಲ್ಲಪ್ಪ
ಬೆಟ್ಟದಪುರ, ಫೆಬ್ರವರಿ ೧೯೫೮