ಒಂದು ಎಲೆ ಹೆಚ್ಚಿಗೆ

ಪೂರಿಗಾಲಿ
೧೭-೧೦-೧೯೭೪, ಗುರುವಾರ

ಚಿ. ಸೌ. ಮಂಗಳಳಿಗೆ, ಮಾಜಿ ಕ್ಯಾಪ್ಟನ್ ಹಾಗೂ ಹಾಲಿ ಅಡುಗೆಭಟ್ಟ ಚಲುವರಾಜು ಮಾಡುವ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಮಗಳು ಎದ್ದು ಓಡಾಡುತ್ತಿದ್ದಾಳೆಯೇ? ವಿ.ಸಿ. ಫಾರಂ ಕ್ವಾರ್ಟರ್ಸಿನ ಸೊಳ್ಳೆಗಳು ಕೂಸನ್ನು ಬಿಟ್ಟಿವೆಯೇ? ನಮ್ಮ ಅಳಿಯಂದಿರು ಭತ್ತದ ತಳಿಗಳ ವಿಷಯ ಎತ್ತಿದರೆ ತೂಕಡಿಸಿದಂತೆ ಮಾಡು, ಹೋದ ಸಲ ನಾನು ಪಾರಾಗಿದ್ದೇ ಹಾಗೆ. ಮೊಮ್ಮಗಳಿಗೆ ನನ್ನದೇ ಮೂಗು ಎಂದು ಬರೆದಿದ್ದೀಯೆ. ಆ ಕೂಸಿಗೆ ನನ್ನ ಸಂತಾಪ ತಿಳಿಸು.

ಇಲ್ಲಿ ಎಲ್ಲ ಕ್ಷೇಮ. ಅತ್ತೆ, ಅಂದರೆ ನಿನ್ನ ತಾಯಿ ಬೆಟ್ಟಮ್ಮನವರು, ಮನೆಯಳಿಯನ ಕೈಯ ಮುದ್ದೆಯನ್ನು ಎರಡು ಹೊತ್ತೂ ಉಂಡು ಇನ್ನೂ ಗಟ್ಟಿಯಾಗಿದ್ದಾರೆ. ಮೊದಲ ದಿನ ಮುದ್ದೆಯಲ್ಲಿ ಗಂಟು ಸಿಕ್ಕಿತು. "ಇದ್ನೇ ಗಡೀಲಿ ಎಸ್ದಿದ್ರೆ ಚೀನಾದೋರು ಓಡೋಗ್ಬುಡೋರು, ಅಳಿಮಯ್ಯ" ಎಂದರು. ಸರ್ಕಾರಕ್ಕೆ ಆಗ ಈ ಉಪಾಯ ಹೊಳೆಯಲಿಲ್ಲ.

ಮಳವಳ್ಳಿ ಸಂತೆಗೆ ಹೋಗಿದ್ದೆ. ಕೆಳಗಿನ ಬೀದಿಯ ಕೆಂಪಯ್ಯ ಹೋಟೆಲಿಗೆ ಎಳೆದೊಯ್ದು ಎರಡು ಇಡ್ಲಿ ಕೊಡಿಸಿ, ಅರವತ್ತೆರಡರ ಯುದ್ಧದ ಕಥೆ ಹೇಳು ಎಂದು ಕೂತ. ಕೊಬ್ಬರಿ ಎಣ್ಣೆ ಕಲ್ಲಾಗಿ ಅದನ್ನು ಚಾಕುವಿನಲ್ಲಿ ಕೆತ್ತಿ ತಲೆಗೆ ಹಚ್ಚಿಕೊಂಡದ್ದು, ಹಿಮದಲ್ಲಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆದದ್ದು, ಎಲ್ಲ ಹೇಳಿದೆ. "ಅದಿರ್ಲಿ, ಎಷ್ಟು ಜನುನ್ನ ಒಡ್ದೆ, ಅದ್ನೇಳ್ಲಾ" ಎಂದ. ಮಂಜಿನಲ್ಲಿ ಯಾರೂ ಕಾಣಿಸಲಿಲ್ಲ, ಮಂಜಿಗೇ ಗುಂಡು ಹಾರಿಸಿದೆವು, ಇಳಿಯಿರಿ ಎಂದು ಆರ್ಡರ್ ಬಂತು, ಇಳಿದೆವು ಎಂದೆ. ಇಡ್ಲಿ ದಂಡವಾಯಿತೆಂಬಂತೆ ನನ್ನ ತಟ್ಟೆಯನ್ನು ನೋಡಿದ. ಒಂದು ಸಂಗತಿ ಮಾತ್ರ ಅವನಿಗೆ ಹೇಳಲಿಲ್ಲ. ಆ ಚಳಿಯಲ್ಲಿ ಮೊದಲು ಬೆರಳು ನೋಯುತ್ತವೆ, ಆಮೇಲೆ ನೋಯುವುದಿಲ್ಲ. ನೋವು ನಿಂತಾಗ ಹಾಯೆನಿಸುತ್ತದೆ. ಕೆಟ್ಟದ್ದು ಆ ಹಾಯೆನಿಸುವುದೇ. ನನಗೆ ಆ ಜೋಮು ಇನ್ನೂ ಪೂರ್ತಿ ಬಿಟ್ಟಿಲ್ಲವೆಂದು ನೀನು ಆಗಾಗ ಬೈಯುವುದುಂಟು.

ಮೊನ್ನೆ ಮಹಾಲಯ ಅಮಾವಾಸ್ಯೆ. ಪುರುಡಿನ ಮನೆಯಲ್ಲಿರುವ ನೀನು ಬರುವಂತಿರಲಿಲ್ಲ. ಆದರೆ ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀನು ಹೊರಡಿಸಿದ ಆಜ್ಞೆ ನನಗೆ ಬಾಯಿಪಾಠವಾಗಿದೆ. "ನಮ್ಮಪ್ಪಂಗೆ, ನಮ್ಮಜ್ಜಂಗೆ ಎಡೆ ಇಕ್ಕಿ. ನನ್ ತಮ್ಮನ ಎಸ್ರೆತ್ತಬ್ಯಾಡಿ. ಅವ್ನು ಬತ್ತಾನೆ." ನಿನ್ನ ತಮ್ಮ ಸಿದ್ದರಾಜು ನಮ್ಮ ತುಕಡಿಯವನೇ, ಮೇಲಿನ ಠಾಣ್ಯದಲ್ಲಿದ್ದವನು. ಎಲ್ಲರೂ ಇಳಿದ ದಿನ ಆ ಠಾಣ್ಯದವರು ಇಳಿಯಲಿಲ್ಲ. ಸರ್ಕಾರದ ಕಾಗದದಲ್ಲಿ ಕಾಣೆಯಾದವನು ಎಂದಷ್ಟೇ ಇದೆ. ಸತ್ತವನಿಗೆ ಎಡೆ ಇಡದಿದ್ದರೆ ಉಪವಾಸ, ಬದುಕಿರುವವನಿಗೆ ಇಟ್ಟರೆ ಕೇಡು. ಇಡುವುದೋ ಬಿಡುವುದೋ ಎಂದು ಅತ್ತೆ ಪ್ರತಿವರ್ಷ ಕೇಳುವುದು, ನೀನು ಗದರಿ ಬಾಯಿ ಮುಚ್ಚಿಸುವುದು, ನಾನು ಹಿತ್ತಲಿಗೆ ಎದ್ದು ಹೋಗುವುದು ನಮ್ಮ ಮನೆಯ ಹಬ್ಬದ ಪದ್ಧತಿ. ಈ ಸಲ ಊರ ಹಿರಿಯರು, ಹನ್ನೆರಡು ವರ್ಷ ತುಂಬುತ್ತ ಬಂತು, ಇನ್ನು ಇಡಬಹುದು ಎಂದು ಅತ್ತೆಯ ಕಿವಿಗೆ ಹಾಕಿ ಹೋಗಿದ್ದರು. ಗದರಲು ನೀನಿರಲಿಲ್ಲ.

ಅಂತೂ ಹಬ್ಬವಾಯಿತು. ಎಲೆ ಹಾಕಿ, ಬಡಿಸಿ, ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲೆಂದು ಜಗಲಿಯಲ್ಲಿ ಕಾದೆವು. ಪಕ್ಕದ ಮನೆಯ ನಾಯಿ ನಡೆಸಿದ ಎರಡು ದಾಳಿಗಳನ್ನು ಹಿಮ್ಮೆಟ್ಟಿಸಿದೆ. ನನ್ನ ಸೇನಾ ಜೀವನದಲ್ಲಿ ಬಿಟ್ಟುಕೊಡದೆ ಉಳಿಸಿಕೊಂಡ ಠಾಣ್ಯ ಅದೊಂದೇ. ಮಾಂಸ ಚೆನ್ನಾಗಿ ಬೆಂದಿತ್ತು, ಉಪ್ಪು ತುಸು ಮುಂದು.

ಮಗಳಿಗೂ ಅಳಿಯಂದಿರಿಗೂ ಆಶೀರ್ವಾದ. ಕೂಸಿಗೆ ದೃಷ್ಟಿ ತೆಗೆಯುವುದನ್ನು ಮರೆಯಬೇಡ.

ನಿನ್ನ,
ಚಲುವರಾಜು
(ಕ್ಯಾಪ್ಟನ್, ನಿವೃತ್ತ, ಮುದ್ದೆ ವಿಭಾಗ)

ತಾ. ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೂರು ಎಲೆ ಹಾಕಿದೆವು. ಹಬ್ಬದ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತು ಕೇಳಿದರು: "ಆ ಚಳೀಲಿ ಒಂದ್ ರಾತ್ರಿ ಅಂಗೇ ಬಿದ್ದಿದ್ರೆ ಬದುಕ್ಕತಾರಾ, ಅಳಿಮಯ್ಯ?" ಇಷ್ಟು ವರ್ಷವೂ ಅವರು ಕೇಳುತ್ತಿದ್ದದ್ದು ಬತ್ತಾನಾ ಎಂದು. ಅದಕ್ಕೆ ಯಾರಿಗೆ ಗೊತ್ತು ಎನ್ನಬಹುದಿತ್ತು. ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಇಲ್ಲ ಅಂದೆ. ಅವರು ಅಳಲಿಲ್ಲ. ಎದ್ದು ಇನ್ನೊಂದು ಎಲೆ ತೊಳೆದರು. "ಬದುಕಿದ್ರೆ ಬಂದು ಬೈಲಿ, ಬೈಸ್ಕತೀನಿ. ಸತ್ತಿದ್ರೆ ಉಣ್ಲಿ, ಅಸ್ಕಂಡವ್ನೆ" ಎಂದರು. ಅವನ ಎಲೆಗೆ ಮುದ್ದೆ ಇಟ್ಟವನು ನಾನೇ. ನನಗೆ ಏನೂ ಅನ್ನಿಸಲಿಲ್ಲ, ಮಂಗಳಾ. ನೀನು ಸಿಟ್ಟಾಗುವುದಿದ್ದರೆ ನನ್ನ ಮೇಲಾಗು, ಅವರನ್ನು ಏನೂ ಕೇಳಬೇಡ. ಇಷ್ಟು ವರ್ಷ ಬೀದಿಬಾಗಿಲಿಗೆ ಅಗುಳಿ ಹಾಕಗೊಡದವರು, ಮೊನ್ನೆ ರಾತ್ರಿ ತಾವೇ ಹಾಕಿ ಬಂದು ಮಲಗಿದರು. ನೀನು ಬಂದಾಗ ಕತ್ತಲಾಗಿದ್ದರೆ ಬಾಗಿಲು ತಟ್ಟು.