ಎರಡು ಸಲ ಹೊಡೆಯುತ್ತಿದ್ದ ಗಡಿಯಾರ

ಮೈದುನ ಗುರುಬಸವನಿಗೆ ಶರಣು.

ಫೋನಿನಲ್ಲಿ ನೀನು ಏನು ಕೇಳಿದರೂ ಹೂಂ ಅಂದುಬಿಡುವುದು ನನ್ನ ಚಾಳಿ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಗ ಅನಿಕೇತನ ನಿಶ್ಚಿತಾರ್ಥಕ್ಕೆ ನಿನ್ನ ಅವ್ವನನ್ನು ಅಂಧೇರಿಯ ನಿನ್ನ ಮನೆಗೆ ಕಳಿಸುವುದಿಲ್ಲ.

ಸಿಟ್ಟು ಬಂದರೆ ಬರಲಿ. ಆ ಗಡಿಯಾರವನ್ನೂ ನೀನು ಹೀಗೇ ಸವಿಯಾಗಿ ಕೇಳಿದ್ದೆ. "ಸ್ವಲ್ಪ ಹಿಂದ ಬೀಳಾಕತ್ತೈತಿ ವೈನಿ, ರಿಪೇರಿ ಮಾಡಿಸಿ ತಂದು ಕೊಡ್ತೀನಿ" ಅಂದಿದ್ದೆ. ಗ್ರಾಂಟ್ ರೋಡಿನ ಪಾರ್ಸಿ ಸಾಹೇಬರ ಮನೆಯಲ್ಲಿ ಮಾವನವರು ಜೀವ ತೇಯ್ದದ್ದಕ್ಕೆ ಆ ಸಾಹೇಬರು ಕೊಟ್ಟ ಫ್ರಾನ್ಸ್ ದೇಶದ ಗಡಿಯಾರ ಅದು. ಅಗಲವಾದ ಹಿತ್ತಾಳೆ ಲೋಲಕದ ಮೇಲೆ ತೆನೆಯ ಹೊರೆ ಹೊತ್ತ ಹೆಂಗಸೊಬ್ಬಳು ಉಬ್ಬಿ ನಿಂತಿದ್ದಳು. ಯಾವ ಸೀಮೆಯವಳೋ, ಅವ್ವ ಪ್ರತಿ ಸೋಮವಾರ ಅವಳ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಗಂಟೆ ಹೊಡೆದು ಎರಡು ನಿಮಿಷಕ್ಕೆ ಅಷ್ಟನ್ನೇ ಇನ್ನೊಮ್ಮೆ ಹೊಡೆಯುವುದು ಆ ಗಡಿಯಾರದ ಗುಣ. ಕಣ್ಣು ಹೋದ ಮೇಲೆ ಅವ್ವನ ಪೂಜೆ, ಊಟ, ಗುಳಿಗೆ ಎಲ್ಲ ಅದರ ಮೇಲೆಯೇ. ಎಣಿಕೆ ತಪ್ಪಿದರೆ, "ತಡಿ, ಮತ್ತ ಹೇಳ್ತಾಳ" ಅನ್ನುತ್ತಿದ್ದರು.

ನಿನ್ನ ಗೃಹಪ್ರವೇಶದ ದಿನ ಸೋಫಾದ ಹಿಂದಿನ ಗೋಡೆಯ ಮೇಲೆ ಅದು ತೂಗುತ್ತಿತ್ತು. ನಾನು ಅವ್ವನನ್ನು ಆ ಸೋಫಾದ ಮೇಲೆ ಕೂಡಿಸಿದೆ. ಗಡಿಯಾರ ಅವರ ಕೈಗೇ ಸಿಕ್ಕಿತು. ತೆನೆ ಮುಟ್ಟಿ, ಮುಖ ಸವರಿ, "ಇಲ್ಲಿ ಅದೀಯೇನ ನಮ್ಮವ್ವ" ಎಂದು ನಕ್ಕರು. ಊಟಕ್ಕೂ ಏಳದೆ, ಅದು ಹೊಡೆಯಲೆಂದು ಕಾದು ಕೂತರು. ಕಡೆಗೆ ನಿನ್ನ ಹೆಂಡತಿ ಚಂಪಾ ಹೇಳಿದಳು, "ಅತ್ತಿ, ಅದು ಈಗ ಶೋಪೀಸ್ ರೀ. ಒಳಗಿನ ಮಷೀನ್ ತಗಸೀವಿ. ಆ ಸಪ್ಪಳಕ್ಕ ನಿದ್ದಿ ಹತ್ತೂದಿಲ್ಲ." ಅವ್ವ ಕೈ ಹಿಂದಕ್ಕೆ ತೆಗೆದುಕೊಂಡರು. "ಖರೇ ಐತಿ ಬಿಡವಾ, ಶೋಪೀಸ್ ಮಾತಾಡಬಾರದು" ಅಂದರು. ನೀನು ಅಲ್ಲೇ ನಿಂತು ಯಾರಿಗೋ ಹಿತ್ತಾಳೆಯ ಕೆಲಸ ತೋರಿಸುತ್ತಿದ್ದೆ.

ಈಗ ಬೀಗರ ಎದುರು ಇಳಕಲ್ ಸೀರೆ ಉಡಿಸಿ ಅವ್ವನನ್ನೂ ಅದೇ ಗೋಡೆಯ ಕೆಳಗೆ ಕೂಡಿಸಬೇಕಾಗಿದೆ ನಿನಗೆ. "ಒಂದ ದಿನಾ ವೈನಿ, ಸಂಜೀಕ ಬಿಟ್ಟು ಬರ್ತೀನಿ" ಅನ್ನುತ್ತೀ. ನಿನಗೆ ಬೇಕಾದದ್ದು ಅವ್ವನ ಮುಖ, ಬಾಯಿಯಲ್ಲ. ಗಂಟೆ ಎಷ್ಟಾಯಿತೆಂದು ಅವರು ದಿನವಿಡೀ ಕೇಳುತ್ತಾರೆ. ಇಲ್ಲಿ ನಾನು ಹೇಳುತ್ತೇನೆ. ಅಲ್ಲಿ ಯಾರು ಹೇಳುತ್ತಾರೆ?

ಹಡೆದವಳು ಬೇಕೆನಿಸಿದರೆ ಯಾವ ಕಾರ್ಯವೂ ಇಲ್ಲದ ದಿನ ಸಾಂತಾಕ್ರೂಜಿಗೆ ಬಾ. ಲೋಕಲ್ಲಿನಲ್ಲಿ ಎರಡೇ ಸ್ಟೇಷನ್. ಅವರ ಹತ್ತಿರ ಕೂಡು. ಸಿಟ್ಟಿದ್ದರೂ ಬಿಸಿ ರೊಟ್ಟಿ ಹಾಕುತ್ತೇನೆ.

ಬಸವಣ್ಣ ಅನಿಕೇತನನ್ನು ಚೆನ್ನಾಗಿಟ್ಟಿರಲಿ. ಬರುವ ಸೊಸೆ ಒಳ್ಳೆಯವಳಾಗಿರಲಿ, ನಿಮ್ಮಿಬ್ಬರಿಗೂ ಮುಪ್ಪು ಬಂದ ಮೇಲೂ.

ನಿನ್ನ ವೈನಿ,
ಬಸಲಿಂಗವ್ವ